ಹದಿನಾಲ್ಕು ರಿವೆಟ್ಟುಗಳು

ನನ್ನ ತಂಗಿಯ ಮೊಮ್ಮಗಳು ಶ್ರುತಿ, ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಏರಿಸಿ ಜೋಪಾನ ಮಾಡುವ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದಾಳೆ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರಾ ಅರ್ಥವಾಗುತ್ತದೆ, ಆಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿ ಬಂದು ಜೊತೆಯಾಗುತ್ತದೆ. ಹೋದ ತಿಂಗಳು ಮನೆಗೆ ಬಂದಾಗ ಖುಷಿಯಿಂದ ಹೇಳಿದಳು: "ಅಜ್ಜಾ, ಒಂದು ಪುರಾನಾ ಫೋಟೋದಲ್ಲಿ ಕರೆಂಟ್ ಕಂಬ ಅಡ್ಡ ಇತ್ತು. ನಾನು ತೆಗೆದುಬಿಟ್ಟೆ. ಬಿಲ್ಕುಲ್ ಸಾಫ್. ನಮ್ಮ ಸರ್‌ಗೂ ಪತಾ ಆಗ್ಲಿಲ್ಲ."

"ಮೂಲದ್ದು ಹಂಗ ಇಟ್ಟೀ ಇಲ್ಲೋ?" ಎಂದು ಕೇಳಿದೆ.

"ಒರಿಜಿನಲ್ಲಾ? ಅದರ ಮೇಲೇ ಸೇವ್ ಮಾಡಿದೆ. ಅಚ್ಛಾ ತೋ ಹೈ ನಾ?"

ಅವಳನ್ನು ಗದರಿಸುವ ಯೋಗ್ಯತೆ ನನಗಿಲ್ಲ. ಅದೇ ತಪ್ಪನ್ನು ಅವಳಿಗಿಂತ ಐವತ್ತು ವರ್ಷ ಮೊದಲು ಮಾಡಿದವನು ನಾನು, ಅದೂ ಗಾಜಿನ ಮೇಲೆ. ಇಂಥ ಕೆಲಸಕ್ಕೆ ಈಗ ಸೇರುವವರಿಗೆ ಉಪಯೋಗವಾದೀತೇನೋ ಎಂದು ಬರೆಯಲು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬ ವಿವರ ಇದರಲ್ಲಿಲ್ಲ. ಅದನ್ನು ನನ್ನ ಹೆಂಡತಿಯೇ ಮರೆತಿದ್ದಾಳೆ, ಓದುವವರಿಗೇಕೆ?

ಎಪ್ಪತ್ತರ ದಶಕದಲ್ಲಿ ನಾನು ದಿಲ್ಲಿಯ ಒಂದು ರೈಲ್ವೆ ಕಚೇರಿಯ ಫೋಟೋ ವಿಭಾಗದಲ್ಲಿದ್ದೆ. ಹುದ್ದೆಯ ಹೆಸರು ಬಾಗಿಲಿನ ಹಲಗೆಯ ಮೇಲೆ ಎರಡು ಸಾಲು ತುಂಬುತ್ತಿತ್ತು. ಮಾಡುತ್ತಿದ್ದದ್ದು ಮೂರೇ ಕೆಲಸ: ನೆಗೆಟಿವ್ ಕಾಯುವುದು, ಪ್ರಿಂಟ್ ಹಾಕುವುದು, ರಿಟಚ್ ಮಾಡುವುದು. ಮೂರರಲ್ಲಿ ನೆಗೆಟಿವ್ ಕಾಯುವುದೇ ಕಷ್ಟ. ಕಬ್ಬಿಣದ ಕಪಾಟುಗಳಲ್ಲಿ ಬ್ರಿಟಿಷರ ಕಾಲದ ಗಾಜಿನ ಪ್ಲೇಟುಗಳು ಸಾವಿರಗಟ್ಟಲೆ ಇದ್ದವು. ಎಂಜಿನ್ನು, ಸೇತುವೆ, ಸುರಂಗ, ಟೋಪಿ ಹಾಕಿದ ಸಾಹೇಬರು. ಒಂದೊಂದು ಪ್ಲೇಟನ್ನೂ ಅಂಚು ಹಿಡಿದೇ ಎತ್ತಬೇಕು. ನಡುವೆ ಬೆರಳಿಟ್ಟರೆ ಅದು ಜನ್ಮಕ್ಕೂ ಹೋಗದ ಗುರುತು. ನನಗೆ ಈಗಲೂ ಊಟದ ತಟ್ಟೆಯನ್ನು ಅಂಚಿನಲ್ಲೇ ಹಿಡಿಯುವ ಚಾಳಿಯಿದೆ.

ದಿಲ್ಲಿಯ ಬೇಸಿಗೆಯಲ್ಲಿ ಡಾರ್ಕ್‌ರೂಮ್ ಎಂದರೆ ಬಾಗಿಲು ಹಾಕಿದ ಒಲೆ. ಫಿಲ್ಮ್ ತೊಳೆಯುವ ದ್ರಾವಣ ಬಿಸಿಯಾಗಿಬಿಟ್ಟರೆ ಚಿತ್ರದ ಪೊರೆ ಹಾಲಿನ ಕೆನೆಯಂತೆ ಜಾರುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಬರ್ಫ್‌ವಾಲಾ ಭಯ್ಯಾ ಗೋಣಿಯಲ್ಲಿ ಸುತ್ತಿದ ಐಸ್ ಗಡ್ಡೆ ತಂದು ಹಾಕುತ್ತಿದ್ದ. ಒಂದು ಜೂನ್ ತಿಂಗಳಲ್ಲಿ ಅವನು ಮೂರು ದಿನ ನಾಪತ್ತೆ. ನಾನು ಧೈರ್ಯ ಮಾಡಿ ಐಸಿಲ್ಲದೆ ತೊಳೆದೆ. ಸೇತುವೆ ಉದ್ಘಾಟನೆಯ ಚಿತ್ರದಲ್ಲಿ ಮುಖ್ಯ ಅತಿಥಿಗಳ ಮುಖ ಜಾರಿ ಹೊಟ್ಟೆಯ ಮೇಲೆ ಬಂದು ಕೂತಿತ್ತು. ತೆಗೆದುಕೊಂಡು ಹೋಗಿ ನಮ್ಮ ಮುಖ್ಯಸ್ಥರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಮುಖ ಹೋದ್ರೆ ಹೋಗ್ಲಿ ಕಣಯ್ಯ, ಹಾರ ನೆಟ್ಟಗಿದೆಯಲ್ಲ! ಆ ಜಾಗದಲ್ಲಿ ಇನ್ನೊಂದು ಮುಖ ಕೂರಿಸು," ಎಂದರು. ಬೇರೊಂದು ಚಿತ್ರದಿಂದ ಮುಖ ಕತ್ತರಿಸಿ ಅಂಟಿಸಿ ಮತ್ತೆ ಫೋಟೋ ತೆಗೆದೆ. ಮುಖ್ಯ ಅತಿಥಿಗಳು ತುಂಬ ಚೆನ್ನಾಗಿ ಬಂದಿದೆ ಎಂದು ಎರಡು ಪ್ರತಿ ತರಿಸಿಕೊಂಡರು.

ಆ ಮುಖ್ಯಸ್ಥರೇ ಶ್ಯಾಮರಾಯರು. ಮೈಸೂರು ಕಡೆಯವರು, ನನ್ನನ್ನು ಆ ಕೆಲಸಕ್ಕೆ ತಂದವರು. ಅದಕ್ಕೆ ಮುಂಚೆ ನಾನು ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿದ್ದೆ. ಹೆಣ್ಣು ತೋರಿಸುವ ಫೋಟೋಗಳಲ್ಲಿ ಸಿಡುಬಿನ ಕಲೆ ತೆಗೆಯುವುದು ನನ್ನ ಉದ್ಯೋಗ. ರಾಯರು ನೆಂಟರ ಮದುವೆಗೆಂದು ಬಂದಾಗ, ಎರಡು ಫೋಟೋ ಪಕ್ಕಪಕ್ಕ ಇಟ್ಟುಕೊಂಡು ನನ್ನ ಕೈಗೆಲಸ ನೋಡಿದರು. "ಮದುವೆ ಆದ್ಮೇಲೆ ಗಂಡಿನ ಕಡೆಯೋರು ನಿನ್ನನ್ನ ಹುಡುಕ್ಕೊಂಡು ಬರೋ ಮುಂಚೆ ದಿಲ್ಲಿಗೆ ಬಂದುಬಿಡು," ಎಂದರು. ಹೋದೆ. ಮೊದಲ ಎರಡು ತಿಂಗಳು ಅವರ ಮನೆಯಲ್ಲೇ ಊಟ, ವರಾಂಡದಲ್ಲೇ ನಿದ್ದೆ. ಆ ಋಣ ದೊಡ್ಡದು, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ರಿಟಚ್ ಎಂದರೆ ಏನೆಂದು ಈಗಿನವರಿಗೆ ತುಸು ಹೇಳಬೇಕು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಫೋಟೋದಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆ ನೆಗೆಟಿವ್‌ನಲ್ಲಿ ಕಪ್ಪು. ಅದು ಬೇಡವಾದರೆ ಸಣ್ಣ ಚೂರಿಯ ತುದಿಯಿಂದ ಪೊರೆಯನ್ನು ಹೆರೆದು ತೆಳುವಾಗಿಸಬೇಕು. ಫೋಟೋದಲ್ಲಿನ ನೆರಳು ಬೇಡವಾದರೆ ಅಲ್ಲಿ ಪೆನ್ಸಿಲ್ ತುದಿಯಿಂದ ತುಂಬಬೇಕು. ನಮ್ಮ ಕಚೇರಿಯಲ್ಲಿ ಇದಕ್ಕೆ ಸಫಾಯಿ ಎನ್ನುತ್ತಿದ್ದರು. ಎಂಜಿನ್ನಿನ ಹಿಂದೆ ಒಣಗಲು ಹಾಕಿದ ಪೈಜಾಮ, ಪ್ಲಾಟ್‌ಫಾರ್ಮಿನ ನಾಯಿ, ಆಕಳಿಸುತ್ತಿರುವ ಗಾರ್ಡು, ಎಲ್ಲ ಸಫಾಯಿ. ಪೆನ್ಸಿಲ್ಲನ್ನು ಒಂದು ಮಟ್ಟಿಗೆ ಒರೆಸಬಹುದು. ಹೆರೆದದ್ದು ಮರಳಿ ಬಾರದು. ಹಾಗಾಗಿ ಹಳೆಯ ಪ್ಲೇಟಿಗೆ ಕೈ ಹಚ್ಚುವ ಮೊದಲು ಅದರ ನಕಲು ನೆಗೆಟಿವ್ ತೆಗೆದು, ನಕಲಿನ ಮೇಲೆ ಮಾತ್ರ ಚೂರಿ ಆಡಿಸಬೇಕು ಎಂಬ ನಿಯಮವಿತ್ತು. ಶ್ಯಾಮರಾಯರೇ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ನಿಯಮ ಮುರಿದದ್ದು ಒಂದು ಮಧ್ಯಾಹ್ನ. ಮೇಲಿನವರಿಗೆ ಒಂದು ಇತಿಹಾಸದ ಪುಸ್ತಿಕೆ ಬೇಕಾಗಿತ್ತು, ಓಖ್ಲಾದ ಪ್ರೆಸ್ಸಿನವನು ಕೊನೆಯ ಚಿತ್ರಕ್ಕಾಗಿ ವರಾಂಡದಲ್ಲಿ ಕೂತಿದ್ದ. ಚಿತ್ರ ಒಂದು ನ್ಯಾರೋಗೇಜ್ ರೈಲ್ ಕಾರಿನದು. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುವ ಪುಟ್ಟ ಬಸ್ಸು ಎಂದುಕೊಳ್ಳಿ. ಮುಂದೆ ಲಾರಿಯ ಮೂತಿ, ಒಳಗೆ ಎಂಜಿನ್ನು, ಹಿಂದೆ ಹತ್ತಿಪ್ಪತ್ತು ಜನ ಕೂರುವ ಡಬ್ಬಿ. ಒಂದು ಹಳೆಯ ಸಂಸ್ಥಾನದ ಲೈನಿನಲ್ಲಿ ಓಡಿದ ಮೊದಲ ಗಾಡಿ ಅದು. ಪ್ಲೇಟಿನ ಅಂಚಿನಲ್ಲಿ ಹಾಗೆಂದೇ ಬರೆದಿತ್ತು.

ಪ್ಲೇಟನ್ನು ಬೆಳಕಿಗೆ ಹಿಡಿದ ರಾಯರು ಮೂಗು ಮುರಿದರು. "ಇದೇನಯ್ಯ, ಗಾಡಿ ಹೊಟ್ಟೆಗೆ ತೇಪೆ? ಮೊದಲ ಗಾಡಿ ಅಂತ ಅಚ್ಚು ಹಾಕ್ತಾರೆ, ಹರಿದ ಪಂಚೆ ಉಟ್ಟ ಮದುವಣಿಗನ ಥರ ಇದೆ. ಒರೆಸಿಹಾಕು. ಪ್ರೆಸ್ಸಿನೋನು ಕಾಯ್ತಾ ಇದಾನೆ."

ಮೂರನೇ ಕಿಟಕಿಯ ಕೆಳಗೆ, ಒಂದು ಮೊಳ ಉದ್ದದ ತಗಡಿನ ತೇಪೆ. ಮೇಲೂ ಕೆಳಗೂ ಸಾಲಾಗಿ ರಿವೆಟ್ಟಿನ ತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸಿಡುಬಿನ ಕಲೆ ತೆಗೆದ ಕೈಗೆ ಅದೇನು ದೊಡ್ಡದು? ನಾನು ನಕಲಿನ ಮಾತೆತ್ತಲಿಲ್ಲ, ಅವರೂ ಎತ್ತಲಿಲ್ಲ. ಒಂದು ಗಂಟೆಯೊಳಗೆ ಮೂಲ ಪ್ಲೇಟಿನ ಮೇಲೆಯೇ ಮುಗಿಸಿದೆ. ರಾಯರು ಭೂತಗನ್ನಡಿ ಹಿಡಿದು ಹುಡುಕಿದರು, ತೇಪೆ ಎಲ್ಲಿತ್ತೆಂದು ಅವರಿಗೇ ಸಿಗಲಿಲ್ಲ. "ಭೇಷ್" ಎಂದರು. ಆ ದಿನ ಮನೆಗೆ ಹೋಗುವಾಗ ಹೆಂಡತಿಗೆ ಜಿಲೇಬಿ ಕಟ್ಟಿಸಿಕೊಂಡು ಹೋದದ್ದು ನೆನಪಿದೆ.

ಅದಾಗಿ ಎರಡು ಮೂರು ವರ್ಷ ಕಳೆದಿರಬೇಕು. ಪ್ರೊಫೆಸರ್ ಅನಂತಸ್ವಾಮಿ ಎಂಬವರು ನಮ್ಮ ವಿಭಾಗಕ್ಕೆ ಬರತೊಡಗಿದರು. ಹೌಜ್ ಖಾಸ್‌ನಲ್ಲಿ ಎಂಜಿನಿಯರಿಂಗ್ ಪಾಠ ಹೇಳುವವರು, ತುಮಕೂರಿನವರು. ಅವರಿಗೂ ಅವರಂಥ ಐದಾರು ಮಂದಿಗೂ ನ್ಯಾರೋಗೇಜ್ ಗಾಡಿಗಳ ಹುಚ್ಚು. ಪ್ರತಿ ಭಾನುವಾರ ಬೆಳಿಗ್ಗೆ ಪದ್ಮನಾಭ ಐತಾಳರ ಹೋಟೆಲಿನ ಮಹಡಿಯಲ್ಲಿ ಸೇರುತ್ತಿದ್ದರು. ಮಸಾಲೆದೋಸೆ ಮುಗಿದ ಮೇಲೆ ಮೇಜನ್ನು ಮೂರು ಸಲ ಒರೆಸಿ, ಬಿಳಿ ಬಟ್ಟೆ ಹಾಸಿ, ಫೋಟೋಗಳನ್ನು ಬಿಚ್ಚುವರು. ಆಮೇಲೆ ಎರಡು ಗಂಟೆ ಹೊತ್ತು ಭೂತಗನ್ನಡಿ ಕೈಯಿಂದ ಕೈಗೆ ದಾಟುತ್ತಿತ್ತು. ಬಾಗಿಲು ಎಡಕ್ಕೋ ಬಲಕ್ಕೋ, ದೀಪದ ಕೆಳಗೆ ಬೋಲ್ಟು ಮೂರೋ ನಾಲ್ಕೋ. ನಾಲ್ಕಿದ್ದರೆ ಗಾಡಿಯ ವಯಸ್ಸು ಹತ್ತು ವರ್ಷ ಇಳಿದುಬಿಡುತ್ತಿತ್ತು. ಕಾಫಿ ತರುತ್ತಿದ್ದ ಐತಾಳರು ಕುಂದಾಪುರದ ಕಡೆಯವರು. "ಎಂಥ ಮಾರಾಯ್ರೆ, ಜೀವ ಇಲ್ಲದ ಗಾಡಿಗೆ ಇಷ್ಟು ಜಾತಕ ನೋಡ್ತೀರಿ. ನನ್ನ ಮಗಳಿಗೊಂದು ಗಂಡು ನೋಡಿ ಅಂದ್ರೆ ಒಬ್ಬರೂ ಇಲ್ಲ," ಎನ್ನುವರು.

ಮೊದಮೊದಲು ನನಗೂ ನಗು ಬರುತ್ತಿತ್ತು. ಪ್ರಿಂಟು ಒಯ್ದು ಕೊಟ್ಟು, ದೋಸೆ ತಿಂದು ಬರುವುದಷ್ಟೇ ನನ್ನ ಪಾಲು. ಆದರೆ ಅವರು ನೋಡುವ ರೀತಿ ನನ್ನನ್ನು ನಿಧಾನವಾಗಿ ಹಿಡಿಯಿತು. ನಾವು ಫೋಟೋದಲ್ಲಿ ಯಾವುದನ್ನು ಕಸ ಎಂದು ತೆಗೆಯುತ್ತಿದ್ದೆವೋ ಅವರು ಮೊದಲು ನೋಡುತ್ತಿದ್ದದ್ದು ಅದನ್ನೇ. ಒಣಗಲು ಹಾಕಿದ ಬಟ್ಟೆಯ ನೆರಳು ನೋಡಿ ಯಾವ ಹೊತ್ತಿನ ಫೋಟೋ ಎನ್ನುವರು. ಗೋಡೆಯ ಮೇಲಿನ ಮಸಿ ನೋಡಿ ಅಲ್ಲಿ ಎಷ್ಟು ಕಾಲದಿಂದ ಎಂಜಿನ್ ನಿಲ್ಲುತ್ತಿತ್ತೆಂದು ಹೇಳುವರು.

ಆ ಹೊತ್ತಿಗೆ ನಾನು ಹೇಳಿದ ಸಂಸ್ಥಾನದ ಲೈನು ಮುಚ್ಚಿತ್ತು. ಯಾರ್ಡಿನಲ್ಲಿ ಎರಡು ರೈಲ್ ಕಾರುಗಳು ತುಕ್ಕು ಹಿಡಿಯುತ್ತ ನಿಂತಿದ್ದವು. ಅವುಗಳಲ್ಲಿ ಮೊದಲ ಗಾಡಿಯನ್ನು ದಿಲ್ಲಿಗೆ ತಂದು ನಮ್ಮ ಕಚೇರಿಯ ಮುಂದಿನ ಹುಲ್ಲುಹಾಸಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಬೇಕು, ಇನ್ನೊಂದನ್ನು ಗುಜರಿಗೆ ಕೊಡಬೇಕು ಎಂದು ಮೇಲಿನವರು ತೀರ್ಮಾನಿಸಿದರು. ಗ್ಯಾಸ್ ಕಟರ್‌ನವರು ಬರುವ ದಿನವೂ ಗೊತ್ತಾಗಿತ್ತು. ಎರಡರಲ್ಲಿ ಮೊದಲನೆಯದು ಯಾವುದು? ಕಚೇರಿಯಲ್ಲಿ ಯಾರಿಗೂ ತಿಳಿಯದು. ಪ್ರೊಫೆಸರರ ಗುಂಪು ನೋಡಿ ಹೇಳಲಿ ಎಂದಾಯಿತು. ಅವರ ಪತ್ರ ಬುಧವಾರ ಹೋಗಬೇಕಿತ್ತು.

ಹಿಂದಿನ ಭಾನುವಾರ ಪ್ರೊಫೆಸರರು ಒಬ್ಬ ಮುದುಕರನ್ನು ಕರೆಸಿದ್ದರು. ಛೋಟೇಲಾಲ್ ಮಿಸ್ತ್ರಿ. ಆ ಲೈನಿನ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಫಿಟ್ಟರಾಗಿದ್ದವರು, ಈಗ ಓಖ್ಲಾದ ಹತ್ತಿರ ಮಗಳ ಮನೆಯಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿದ ಬೂಟು. ಮದುವೆಮನೆಗೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರು ಆಡುತ್ತಿದ್ದದ್ದು ಹಿಂದಿ, ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೇಜಿನ ಮೇಲೆ ಮೂರು ಫೋಟೋ. ಎರಡು, ಪ್ರೊಫೆಸರರು ಯಾರ್ಡಿಗೆ ಹೋಗಿ ತೆಗೆದವು: ಒಂದನೇ ನಂಬರಿನ ಫಲಕವಿದ್ದ ಗಾಡಿ, ಅದರ ಮೈ ಸಪಾಟು; ಇನ್ನೊಂದು ಎರಡನೇ ನಂಬರಿನದು, ಅದರ ಮೂರನೇ ಕಿಟಕಿಯ ಕೆಳಗೆ ತೇಪೆ. ಮೂರನೆಯದು ನಾನು ಹಿಂದಿನ ದಿನ ಹಾಕಿದ ಪ್ರಿಂಟು, ಹಳೆಯ ಪ್ಲೇಟಿನದು. ಪುಸ್ತಿಕೆಯ ಮಧ್ಯಾಹ್ನ ನನಗೆ ನೆನಪೇ ಇರಲಿಲ್ಲ.

ಮಿಸ್ತ್ರಿ ನೇರವಾಗಿ ಎರಡನೇ ನಂಬರಿನ ಗಾಡಿಯ ಮೇಲೆ ಬೆರಳಿಟ್ಟರು. "ಇದು ಸಾಬ್. ಮೊದಲು ಬಂದದ್ದು ಇದು. ಮುಂದೆ ಎರಡಕ್ಕೂ ಒಟ್ಟಿಗೆ ಬಣ್ಣ ಹೊಡೆದಾಗ ನಂಬರ್ ಫಲಕ ಅದಲುಬದಲಾಯಿತು. ಎರಡೂ ಓಡುತ್ತಿದ್ದವು, ಯಾರೂ ಕೇಳಲಿಲ್ಲ."

"ಅದಕ್ಕೆ ಗುರುತು?" ಎಂದರು ಪ್ರೊಫೆಸರರು.

"ಈ ತೇಪೆ. ಲೈನು ಶುರುವಾದ ವರ್ಷ ರೈಲ್ವೆ ಗೇಟಿನಲ್ಲಿ ಕಬ್ಬಿನ ಬಂಡಿಯ ಮೂಕಿಮರ ಗಾಡಿಯ ಮೈಗೆ ಹೊಕ್ಕಿತು. ತೇಪೆ ಹಾಕಿದವನು ನಾನು, ನನ್ನ ಮೊದಲ ರಿವೆಟ್ ಕೆಲಸ. ಮೇಲೆ ಏಳು, ಕೆಳಗೆ ಏಳು. ಕೆಳಗಿನ ಸಾಲಿನ ಕೊನೆಯದು ತುಸು ಇಳಿದಿದೆ. ಡ್ರಿಲ್ ಜಾರಿತು, ಉಸ್ತಾದ್ ಕಪಾಳಕ್ಕೆ ಕೊಟ್ಟರು. ಅದಾದ ಮೇಲೆ ಸಾಹೇಬರು ಬಂದು ಈ ಫೋಟೋ ತೆಗೆದರು. ಆಗ ಎರಡನೇ ಗಾಡಿ ಇನ್ನೂ ಬಂದೇ ಇರಲಿಲ್ಲ."

ಪ್ರೊಫೆಸರರು ಹಳೆಯ ಫೋಟೋವನ್ನು ಅವರ ಮುಂದೆ ಸರಿಸಿ ಭೂತಗನ್ನಡಿ ಕೊಟ್ಟರು. "ಮಿಸ್ತ್ರೀಜಿ, ನೀವೇ ನೋಡಿ. ತೇಪೆ ಎಲ್ಲಿದೆ?"

ಆಗ ನನಗೆ ಆ ಮಧ್ಯಾಹ್ನ ನೆನಪಾಯಿತು. ಮಿಸ್ತ್ರಿಯ ಬೆರಳು ಮೂರನೇ ಕಿಟಕಿಯ ಕೆಳಗೆ ಅಡ್ಡಾಡುತ್ತಿತ್ತು. ನುಣ್ಣನೆ ತಗಡು. ನನ್ನ ಕೈಗೆಲಸ ನನಗೆ ಗುರುತು ಸಿಗದೆ ಇರುತ್ತದೆಯೆ? ಅವರು ಬಹಳ ಹೊತ್ತು ನೋಡಿದರು. ಕನ್ನಡಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇಲ್ಲ," ಎಂದರು. ಆಮೇಲೆ ತಲೆಯೆತ್ತಿ, "ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನಾ?" ಎಂದು ಕೇಳಿದರು.

ಪ್ರೊಫೆಸರರು ಸಜ್ಜನರು. "ಛೆ, ಸುಳ್ಳಲ್ಲ. ನಲವತ್ತು ವರ್ಷದ ಮಾತು, ನೆನಪು ಹಿಂದುಮುಂದಾಗುತ್ತೆ. ಫೋಟೋಗೆ ಮಾತ್ರ ಮರೆವಿಲ್ಲ ನೋಡಿ," ಎಂದರು. ಸುತ್ತ ಕೂತವರು ತಲೆದೂಗಿದರು. ಫಲಕದಲ್ಲಿ ಒಂದು, ಫೋಟೋದಲ್ಲಿ ತೇಪೆಯಿಲ್ಲ. ಸಪಾಟು ಗಾಡಿಯೇ ಮೊದಲನೆಯದು ಎಂದು ಅಲ್ಲೇ ಬರೆದುಕೊಂಡರು.

ಮಿಸ್ತ್ರಿ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು. "ತಲೆ ಮರೆಯಬಹುದು ಸಾಬ್. ಏಟು ತಿಂದ ಕೆನ್ನೆ ಮರೆಯುವುದಿಲ್ಲ," ಎಂದು ಎದ್ದು ಹೋದರು. ಐತಾಳರು ತಂದಿಟ್ಟ ಕಾಫಿ ಹಾಗೇ ಉಳಿಯಿತು. ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ನನಗೆ ಅವರ ಬಗ್ಗೆ ಅಯ್ಯೋ ಅನ್ನಿಸಿದ್ದು ಆಮೇಲೆ. ಮೊದಲು ಹೊಳೆದದ್ದು ನನ್ನ ಕೆಲಸ ಹೋದೀತೆಂಬುದು. ಮೂಲ ಪ್ಲೇಟು ಕೆಡಿಸುವುದೆಂದರೆ ಸರ್ಕಾರಿ ಆಸ್ತಿ ಹಾಳು ಮಾಡಿದಂತೆ. ಶ್ಯಾಮರಾಯರ ನಿವೃತ್ತಿಗೆ ನಾಲ್ಕೇ ತಿಂಗಳಿತ್ತು.

ಸೋಮವಾರ ಅವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. "ಸರ್, ಆ ಮುದುಕ ಹೇಳೋದು ಖರೇ ಅದ. ತೇಪೆ ಇತ್ತು. ನಾನ ತಗದೀನಿ."

"ಯಾವ ತೇಪೆ?" ಎಂದರು. ಹೇಳಿದೆ. ಅವರಿಗೆ ನೆನಪಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಕುರ್ಚಿಗೆ ಒರಗಿ ಫ್ಯಾನು ನೋಡುತ್ತ ಕೂತರು.

"ನಕಲಿನ ಮೇಲೆ ಮಾಡಿದ್ದೆ ತಾನೆ?"

"ಇಲ್ರಿ ಸರ್. ಮೂಲದ ಮೇಲೆ."

"ಥೂ ನಿನ್ನ." ಆಮೇಲೆ ದನಿ ತಗ್ಗಿಸಿ, "ಗುರೂ, ಎರಡು ಗಾಡಿಯೂ ತುಕ್ಕೇ ಕಣಯ್ಯ. ಯಾವುದು ಬಂದರೆ ಯಾರಿಗೇನು? ನನಗಿನ್ನು ನಾಲ್ಕು ತಿಂಗಳು. ಸುಮ್ಮನಿರು," ಎಂದರು.

"ಆ ಮುದುಕನ ಮಾರಿ ನೀವು ನೋಡಿಲ್ರಿ ಸರ್."

ಅವರು ಮುಂದಿದ್ದ ಕಡತ ಬಿಚ್ಚಿದರು. ನಾನು ಹೊರಗೆ ಬಂದು ಕಪಾಟು ತೆಗೆದು ಆ ಪ್ಲೇಟನ್ನು ಮೇಜಿನ ಮೇಲಿಟ್ಟುಕೊಂಡೆ. ನಾನು ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ಸಾಲದು. ಮಿಸ್ತ್ರಿಯ ಮಾತನ್ನೇ ನಂಬದವರು ನನ್ನ ಮಾತನ್ನು ಏಕೆ ನಂಬಬೇಕು? ಆಗ ಹುಬ್ಬಳ್ಳಿಯ ಸ್ಟುಡಿಯೋ ಮಾಲೀಕರು ನೆನಪಾದರು. ನನ್ನ ರಿಟಚ್ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅವರು ನೆಗೆಟಿವನ್ನು ಬೆಳಕಿಗೆ ಅಡ್ಡ ಹಿಡಿಯುತ್ತಿರಲಿಲ್ಲ. ದೀಪವನ್ನು ಪಕ್ಕದಲ್ಲಿಟ್ಟು, ಬೆಳಕು ಅದರ ಮೈ ಸವರಿ ಹೋಗುವಂತೆ ನೋಡುತ್ತಿದ್ದರು. ಹಾಗೆ ನೋಡಿದರೆ ಹೆರೆದ ಜಾಗ ಗುಳಿಯಾಗಿ ಕಾಣುತ್ತದೆ, ಪೆನ್ಸಿಲ್ ಹಾಕಿದ ಜಾಗ ಮಿರುಗುತ್ತದೆ. ಮೇಜುದೀಪವನ್ನು ಮಗ್ಗುಲಿಗೆ ತಂದು ಪ್ಲೇಟನ್ನು ಓರೆ ಮಾಡಿದೆ. ಇತ್ತು. ನನ್ನ ಚೂರಿಯ ಗುರುತು ಸಾಲಾಗಿ ಇತ್ತು. ಎಣಿಸಲಿಲ್ಲ. ಎಣಿಸುವವರು ಬೇರೆ ಇದ್ದರು.

ಪ್ಲೇಟನ್ನು ಕಚೇರಿಯಿಂದ ಹೊರಗೆ ಒಯ್ಯುವಂತಿರಲಿಲ್ಲ. ನೋಡುವವರೇ ಒಳಗೆ ಬರಬೇಕು, ಅದಕ್ಕೆ ಗೇಟ್ ಪಾಸ್ ಬೇಕು, ಪಾಸಿಗೆ ಶ್ಯಾಮರಾಯರ ಸಹಿ ಬೇಕು. ಮಂಗಳವಾರ ಬೆಳಿಗ್ಗೆ ಎರಡು ಪಾಸು ಬರೆದು ಅವರ ಮುಂದಿಟ್ಟೆ. ಪ್ರೊಫೆಸರ್ ಅನಂತಸ್ವಾಮಿ, ಛೋಟೇಲಾಲ್ ಮಿಸ್ತ್ರಿ. ಉದ್ದೇಶ: ಮೂಲ ಪ್ಲೇಟಿನ ಪರಿಶೀಲನೆ. ರಾಯರು ಓದಿದರು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು ಸಹಿ ಹಾಕಿದರು. ನನ್ನ ಮುಖ ನೋಡಲಿಲ್ಲ.

ಮಿಸ್ತ್ರಿಯನ್ನು ಕರೆತರಲು ನಾನೇ ಓಖ್ಲಾಕ್ಕೆ ಹೋದೆ. "ಮತ್ತೆ ಏನು ತೋರಿಸುತ್ತೀರಿ ಬಾಬೂಜಿ? ನಾನು ಸುಳ್ಳುಗಾರ ಎಂದು ಒಮ್ಮೆ ತೋರಿಸಿದ್ದು ಸಾಲದೆ?" ಎಂದರು. ಬಾಗಿಲಲ್ಲಿ ನಿಂತೇ ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಒಳಗೆ ಹೋಗಿ ಅದೇ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು.

ಕೋಣೆಯ ಕಿಟಕಿ ಮುಚ್ಚಿ, ದೀಪ ಓರೆ ಮಾಡಿ, ಭೂತಗನ್ನಡಿಯನ್ನು ಮಿಸ್ತ್ರಿಯ ಕೈಗೆ ಕೊಟ್ಟೆ. ಅವರು ಬಗ್ಗಿದರು. ಸೂಜಿಮೊನೆಯಷ್ಟು ಗುಳಿಗಳು. ಮೆಲ್ಲಗೆ ಎಣಿಸತೊಡಗಿದರು. "ಏಕ್... ದೋ..." ಮೇಲಿನ ಸಾಲು ಏಳು. ಕೆಳಗಿನದು ಒಂದೊಂದಾಗಿ ಹದಿಮೂರಕ್ಕೆ ಬಂದು ಅವರ ದನಿ ನಿಂತಿತು. ಕನ್ನಡಿ ತುಸು ಕೆಳಗೆ ಸರಿಯಿತು. "ಚೌದಾ. ಇಳಿದಿದೆ, ನೋಡಿ ಸಾಬ್," ಎಂದು ಕನ್ನಡಿಯನ್ನು ಪ್ರೊಫೆಸರರಿಗೆ ಕೊಟ್ಟರು. ಮಿಸ್ತ್ರಿಯ ಕೈ ತಾನಾಗಿಯೇ ಕೆನ್ನೆಗೆ ಹೋಗಿತ್ತು.

ಪ್ರೊಫೆಸರರು ಎರಡು ಸಲ ಎಣಿಸಿದರು. ಎದ್ದು ನಿಂತು, "ಮಿಸ್ತ್ರೀಜಿ, ಮಾಫ್ ಕೀಜಿಯೇ," ಎಂದು ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಗುರುರಾಜ್, ಇಂಥ ಕೆಲಸ ಇನ್ನೆಷ್ಟು ಪ್ಲೇಟಿಗೆ ಮಾಡಿದೀರಿ?"

ಇದೊಂದೇ ಎಂದು ಹೇಳಲು ಬಾಯಿ ಬರಲಿಲ್ಲ. ಇನ್ನೂ ಎರಡೋ ಮೂರೋ ಇದ್ದವು. ಅವುಗಳ ನಂಬರನ್ನು ಬರೆದುಕೊಟ್ಟೆ. ಅವುಗಳಲ್ಲಿ ಅಳಿಸಿದ್ದು ಯಾರ ಬದುಕಿನ ಯಾವ ಗುರುತೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಪತ್ರ ಬುಧವಾರವೇ ಹೋಯಿತು, ತೇಪೆಯ ಗಾಡಿ ಉಳಿಯಿತು. ನನಗೆ ಮೆಮೊ ಬಂತು. ಮೂಲ ಪ್ಲೇಟಿಗೆ ಹಾನಿ ಮಾಡಿದ್ದಕ್ಕೆ ನಿಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು, ಇತ್ಯಾದಿ. ತಪ್ಪಾಯಿತೆಂದು ನಾಲ್ಕು ಸಾಲು ಬರೆದುಕೊಟ್ಟು, ಕೆಲಸ ಹೋಗುವುದನ್ನು ಕಾಯುತ್ತ ಕೂತೆ. ಬಂದದ್ದು ಬರೀ ಲಿಖಿತ ಎಚ್ಚರಿಕೆ. ನಾನು ದೇವರು ದೊಡ್ಡವನು ಎಂದುಕೊಂಡೆ. ಶ್ಯಾಮರಾಯರು ಉಳಿದ ನಾಲ್ಕು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಮಾತನ್ನು ನನ್ನೊಡನೆ ಆಡಲಿಲ್ಲ. ಅವರ ಬೀಳ್ಕೊಡುಗೆಗೆ ಮೇಲಿನವರು ಯಾರೂ ಬರಲಿಲ್ಲ. ಸಾಮಾನು ಕಟ್ಟಿಕೊಂಡು ಮೈಸೂರಿಗೆ ಹೋದರು. ನಾನು ಬರೆದ ಎರಡು ಕಾಗದಕ್ಕೆ ಜವಾಬು ಬರಲಿಲ್ಲ, ಮೂರನೆಯದಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ವರ್ಷಗಳ ನಂತರ ನಮ್ಮ ವಿಭಾಗ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೆಯ ಕಡತಗಳನ್ನು ವಿಂಗಡಿಸುವ ಕೆಲಸ ನನಗೆ ಬಿತ್ತು. ಅದರಲ್ಲಿ ನನ್ನ ಮೆಮೊದ ಕಡತವಿತ್ತು. ನನ್ನ ನಾಲ್ಕು ಸಾಲಿನ ಕೆಳಗೆ ಶ್ಯಾಮರಾಯರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಆ ಪ್ಲೇಟನ್ನು ತಿದ್ದಲು ಬಾಯಿಮಾತಿನ ಆದೇಶ ಕೊಟ್ಟವನು ನಾನು. ನಕಲು ತೆಗೆದು ಮಾಡುತ್ತೇನೆಂದು ಗುರುರಾಜ ಕೇಳಿದ್ದರು. ಸಮಯವಿಲ್ಲವೆಂದು ನಾನೇ ನಿರಾಕರಿಸಿದೆ. ಹೊಣೆ ನನ್ನದು."

ಆದೇಶ ಕೊಟ್ಟದ್ದು ನಿಜ. ನಾನು ಕೇಳಿದೆ ಎಂಬುದು ಸುಳ್ಳು. ನಾನು ಕೇಳಿರಲಿಲ್ಲ. ಕೇಳಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ನನ್ನ ಕೈಚಳಕ ತೋರಿಸುವ ಉಮೇದಿನಲ್ಲಿ ಬಾಯಿ ಮುಚ್ಚಿಕೊಂಡೆ. ಜನ್ಮವೆಲ್ಲ ಫೋಟೋದ ಕಲೆ ತೆಗೆಸಿದ ಮನುಷ್ಯ ಹೋಗುವಾಗ ನನ್ನ ಕಲೆಯನ್ನೂ ತೆಗೆದು ಹೋಗಿದ್ದರು. ಆ ಕಡತ ಹಿಡಿದುಕೊಂಡು ಕಪಾಟುಗಳ ನಡುವೆ ಕೂತು ಅತ್ತೆ. ಕಡತದಲ್ಲಿ ಹಾಗೆ ಉಳಿದಿದೆ, ಅದಕ್ಕೆ ಇಲ್ಲಿ ಹೀಗೆ ಬರೆದಿದ್ದೇನೆ.

ಗಾಡಿಯ ಕತೆ ಇನ್ನೂ ಸ್ವಲ್ಪ ಇದೆ. ಅದು ದಿಲ್ಲಿಗೆ ಬಂದು ಕಟ್ಟೆ ಏರಿತು. ಅನಾವರಣದ ದಿನ ಪ್ರೊಫೆಸರರು, ಐತಾಳರು, ಮಿಸ್ತ್ರಿ ಎಲ್ಲ ಬಂದಿದ್ದರು. ಪರದೆ ಸರಿದಾಗ ನಾವೆಲ್ಲ ಮೂರನೇ ಕಿಟಕಿಯ ಕೆಳಗೆ ನೋಡಿದೆವು. ನುಣ್ಣನೆ ಮೈ, ಕೆನೆಬಣ್ಣ, ಕೆಂಪು ಪಟ್ಟಿ. ಅಸಹ್ಯವಾಗಿ ಕಾಣುತ್ತದೆಂದು ಯಾರೋ ಹೇಳಿ, ಬಣ್ಣದವರು ತೇಪೆಯ ಮೇಲೆ ದಪ್ಪಗೆ ಪುಟ್ಟಿ ಮೆತ್ತಿ ಸವರಿಬಿಟ್ಟಿದ್ದರು. ಪ್ರೊಫೆಸರರ ಮುಖ ಕೆಂಪಾಯಿತು. ನನಗೆ ಮಾತ್ರ ಯಾರನ್ನೂ ಬೈಯುವ ಬಾಯಿ ಇರಲಿಲ್ಲ. ಮಿಸ್ತ್ರಿ ಕಟ್ಟೆ ಹತ್ತಿ ಅಂಗೈಯಿಂದ ಆ ಜಾಗ ಸವರಿದರು. "ಒಳಗಿದೆ ಬಾಬೂಜಿ. ಪುಟ್ಟಿ ಎಷ್ಟು ದಿನ? ದಿಲ್ಲಿಯ ಬಿಸಿಲು ಕೆಲಸ ಮಾಡುತ್ತೆ," ಎಂದು ಕೆಳಗಿಳಿದು, ಐತಾಳರು ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿ ಕುಡಿದರು.

ಮಿಸ್ತ್ರಿ ಈಗಿಲ್ಲ, ಪ್ರೊಫೆಸರರೂ ಇಲ್ಲ. ನಾನು ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆ ಚಳಿ ಕಳೆದ ಮೇಲೆ ಹೋಗಿ ನೋಡಿ ಬರುತ್ತೇನೆ. ಬೇಸಿಗೆಯಲ್ಲಿ ಪುಟ್ಟಿ ಬಿರಿಯುತ್ತದೆ, ಚಳಿಗೆ ಚಕ್ಕೆ ಉದುರುತ್ತದೆ, ರಿವೆಟ್ಟಿನ ತಲೆ ಹೊರಗೆ ಬರುತ್ತದೆ. ಈ ಸಲ ಶ್ರುತಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಬಾಗಿ ಎಣಿಸಿದಳು. ಹನ್ನೊಂದು ಬಂದಿವೆ. ಕೆಳಸಾಲಿನ ಕೊನೆಯದು, ಆ ಇಳಿದದ್ದು, ಇನ್ನೂ ಒಳಗಿದೆ.

ನಮ್ಮನ್ನೇ ನೋಡುತ್ತಿದ್ದ ಕಾವಲುಗಾರ ಹೇಳಿದ, "ಬಾಬೂಜಿ, ಮುಂದಿನ ತಿಂಗಳು ಬನ್ನಿ. ಹೊಸ ಪುಟ್ಟಿ, ಹೊಸ ಬಣ್ಣ. ಏಕ್‌ದಮ್ ಚಿಕ್ನಾ, ನುಣ್ಣಗಾಗಿರುತ್ತೆ."

ಮನೆಗೆ ಬಂದ ದಿನವೇ ಆ ಕಚೇರಿಗೆ ಒಂದು ಅರ್ಜಿ ಬರೆದೆ. ಬಣ್ಣ ಹೊಡೆಯಿರಿ, ಪುಟ್ಟಿ ಹಾಕಬೇಡಿ. ಮೂರನೇ ಕಿಟಕಿಯ ಕೆಳಗಿನದು ತೇಪೆ, ಅದರಲ್ಲಿ ಹದಿನಾಲ್ಕು ರಿವೆಟ್ಟುಗಳಿವೆ, ಹಾಕಿದವರ ಹೆಸರು ಛೋಟೇಲಾಲ್ ಮಿಸ್ತ್ರಿ. ಶ್ರುತಿ ಅದನ್ನು ಟೈಪ್ ಮಾಡಿ ಪ್ರಿಂಟ್ ತೆಗೆದಳು. ನಾನು ಹೇಳದೆಯೇ ಒಂದು ನಕಲು ತೆಗೆದು ಇಟ್ಟುಕೊಂಡಳು. ಅಂದು ಆ ಪ್ಲೇಟಿಗೆ ಚೂರಿ ಹಚ್ಚುವ ಮೊದಲು ಒಂದು ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ. ಈ ಸಲ ಬರೆದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.